ಕಣ್ಣು ಮುಚ್ಚಿದಾಗ ಕಿವಿ ಹೇಳಿದ್ದು

1910ರಲ್ಲಿ ರಂಗೂನಿನಿಂದ ವರ್ಗವಾಗಿ ನಾಗಪುರಕ್ಕೆ ಬಂದ ಹಣಕಾಸು ಇಲಾಖೆಯ ಅಧಿಕಾರಿಯೊಬ್ಬರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಹಗಲೆಲ್ಲ ಸರ್ಕಾರದ ಜಮಾಖರ್ಚು. ಮನಸ್ಸೆಲ್ಲ ಮಿಡಿಯುವ ತಂತಿಯ ಮೇಲೆ. ಅವರ ಹೆಸರು ಚಂದ್ರಶೇಖರ ವೆಂಕಟ ರಾಮನ್. ಕೆಲಸ ಮಾಡಲು ಅವರು ಬಯಸುತ್ತಿದ್ದ ಪ್ರಯೋಗಾಲಯ ದೂರದ ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿತ್ತು. ನಾಗಪುರದಲ್ಲಿ ವರ್ಷ ತುಂಬುವ ಮೊದಲೇ, 1911ರಲ್ಲಿ, ಮತ್ತೆ ಅಲ್ಲಿಗೆ ವರ್ಗವಾಯಿತು. ನಮ್ಮ ವಾದ್ಯಗಳ ದನಿ ಯಾಕೆ ಹಾಗಿದೆ ಎಂಬ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ.

ದನಿಯನ್ನು ಕಿವಿಗೆ ಮುಟ್ಟಿಸುವ ಸಾಧನದ ಕತೆ ಬೇರೆಡೆ ನಡೆಯುತ್ತಿತ್ತು. ಅದೇ 1910ರಲ್ಲಿ ಅಮೆರಿಕದ ನೌಕಾಪಡೆಯ ಕಚೇರಿಗೆ ವಿಚಿತ್ರವಾದ ಪತ್ರವೊಂದು ಬಂತು. ನೀಲಿ, ಗುಲಾಬಿ ಬಣ್ಣದ ಕಾಗದ, ನೇರಳೆ ಶಾಯಿ. ಬರೆದವರು ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್. ರೇಡಿಯೊ ಸಂಕೇತ ಕೇಳುವುದಕ್ಕೆ ತಾವೊಂದು ಉಪಕರಣ ಮಾಡಿರುವುದಾಗಿಯೂ ಅದನ್ನು ಪರೀಕ್ಷಿಸಿ ನೋಡಬೇಕೆಂದೂ ಬಿನ್ನವಿಸಿಕೊಂಡಿದ್ದರು. ಅಧಿಕಾರಿಗಳು ಅರೆಮನಸ್ಸಿನಿಂದ ತಲೆಗೆ ಹಾಕಿಕೊಂಡು ನೋಡಿದರು. ಆವರೆಗೆ ಕೇಳಿಸದೇ ಹೋಗುತ್ತಿದ್ದ ಕ್ಷೀಣ ಸಂಕೇತಗಳು ಸ್ಪಷ್ಟವಾಗಿ ಕೇಳಿಸಿದವು. ಕೂಡಲೇ ಇನ್ನಷ್ಟು ಬೇಕೆಂದು ಬರೆದರು. ಬಾಲ್ಡ್ವಿನ್ ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚಿನ ಬೇಡಿಕೆ ಒಪ್ಪಿಕೊಳ್ಳಲಾರೆ ಎಂದರು. ಕಾರಣ ಸರಳ: ಅವನ್ನೆಲ್ಲ ಅವರು ತಮ್ಮ ಅಡುಗೆಮನೆಯಲ್ಲಿ ಕೂತು ಕೈಯಾರೆ ಮಾಡುತ್ತಿದ್ದರು.

ಆ ಉಪಕರಣದ ಒಳಗುಟ್ಟು ಒಂದು ಪುಟ್ಟ ಕಬ್ಬಿಣದ ನಾಲಿಗೆ. ಅಯಸ್ಕಾಂತದ ಧ್ರುವಗಳ ನಡುವೆ ಅತ್ತಲೂ ವಾಲದೆ ಇತ್ತಲೂ ವಾಲದೆ ಅದು ತೂಗಿ ನಿಂತಿರುತ್ತಿತ್ತು. ಸುತ್ತಲಿನ ತಂತಿಸುರುಳಿಯಲ್ಲಿ ಎಳ್ಳಷ್ಟು ವಿದ್ಯುತ್ ಹರಿದರೂ ಅದು ಅಲುಗಿ, ತೆಳುವಾದ ಕಡ್ಡಿಯ ಮೂಲಕ ಕಾಗೆಬಂಗಾರದ ಹಾಳೆಯೊಂದನ್ನು ನಡುಗಿಸುತ್ತಿತ್ತು. ಮೊದಲ ಮಹಾಯುದ್ಧ ಬಂತು, ರೇಡಿಯೊ ಹುಚ್ಚು ಬಂತು, ಬಾಲ್ಡ್ವಿನ್ನರ ಅಡುಗೆಮನೆ ಕಾರ್ಖಾನೆಯಾಯಿತು. 1924ರಲ್ಲಿ ಆ ಕಾರ್ಖಾನೆ ದಿವಾಳಿಯಾಯಿತು. ಮುಂದೆ ಅಂಚೆ ವಂಚನೆಯ ಪ್ರಕರಣದಲ್ಲಿ ಅವರು ಜೈಲನ್ನೂ ಕಂಡರು. ತೂಗುನಾಲಿಗೆಯ ಕಲ್ಪನೆ ಮಾತ್ರ ಉಳಿಯಿತು, ಮತ್ತು ಕಿರಿದಾಗುತ್ತ ಹೋಯಿತು.

ದನಿಯನ್ನು ಕಿವಿಯ ಒಳಕ್ಕೇ ಇಡುವ ಆಸೆ ಅದಕ್ಕಿಂತ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾದಿಯೆ 1891ರಲ್ಲೇ ಕಿವಿರಂಧ್ರಕ್ಕೆ ಸಿಕ್ಕಿಸುವ, ಐವತ್ತು ಗ್ರಾಮಿಗೂ ಕಡಿಮೆ ತೂಕದ ಜೋಡಿ ಗ್ರಾಹಕಕ್ಕೆ ಪೇಟೆಂಟ್ ಪಡೆದಿದ್ದರು. ಕಿವಿ ನೋಯದಿರಲೆಂದು ಅದಕ್ಕೆ ರಬ್ಬರಿನ ಹೊದಿಕೆಯನ್ನೂ ಸೂಚಿಸಿದ್ದರು. ಆದರೆ ಅದು ಟೆಲಿಫೋನ್ ಮಾತಿಗೆ ಮಾಡಿದ್ದು. ಸಂಗೀತ ಅದರೊಳಗೆ ಹಿಡಿಸುತ್ತದೆಂದು ಯಾರೂ ನಂಬಿರಲಿಲ್ಲ.

ನಂಬದಿರುವುದಕ್ಕೆ ಕಾರಣವೂ ಇತ್ತು. ಶಿಕಾಗೊ ಬಳಿಯ ನೋಲ್ಸ್ ಕಂಪನಿ ಬಾಲ್ಡ್ವಿನ್ನರ ತೂಗುನಾಲಿಗೆಯನ್ನು ಅಕ್ಕಿಕಾಳಿನ ಗಾತ್ರದತ್ತ ಇಳಿಸುತ್ತ, ಶ್ರವಣಸಾಧನಗಳಿಗೆ ಒದಗಿಸುತ್ತಿತ್ತು. ಶ್ರವಣಸಾಧನವೆಂದರೆ ತಗಡು ಬಡಿದಂಥ ದನಿ, ಮಾತು ಅರ್ಥವಾದರೆ ಸಾಕು ಎಂಬ ಧೋರಣೆ ಎಲ್ಲೆಡೆ ಇತ್ತು. ಅದನ್ನು ಒಪ್ಪದೆ ಹಟ ಹಿಡಿದವರು ಅದೇ ಸಂಸ್ಥೆಯ ಬಳಗದಲ್ಲಿದ್ದ ಮೀಡ್ ಕಿಲಿಯನ್. ಸಂಗೀತ ಬಲ್ಲ ಎಂಜಿನಿಯರ್ ಅವರು. ದೋಷ ಇರುವುದು ಬಿಡಿಭಾಗದಲ್ಲಲ್ಲ, ಅದನ್ನು ಜೋಡಿಸಿ ಹದಗೊಳಿಸುವ ಕ್ರಮದಲ್ಲಿ ಎಂಬುದು ಅವರ ವಾದ. 1979ರಲ್ಲಿ ಅದನ್ನೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರಬಂಧವಾಗಿಸಿದರು. ಅವರು ಹದಗೊಳಿಸಿದ ಶ್ರವಣಸಾಧನದ ದನಿಯನ್ನು ಕೇಳುಗರು ಒಳ್ಳೆಯ ಸ್ಪೀಕರ್‌ಗಳ ಸಾಲಿನಲ್ಲಿ ಕೂರಿಸಿದರು.

ಕಿಲಿಯನ್ನರಿಗೆ ಎದುರಾದ ಒಗಟು ಇದು: ರೇಖಾಪಟದಲ್ಲಿ ಸಪಾಟಾಗಿ ಕಾಣುವ ದನಿಯನ್ನು ನೇರವಾಗಿ ಕಿವಿಯೊಳಗೆ ಬಿಟ್ಟರೆ ಹಾಡುಗಾರ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ಉತ್ತರದ ಎಳೆ ಆಗಲೇ ಕೆನಡಾದ ಒಟ್ಟಾವದಲ್ಲಿ ಸಿದ್ಧವಾಗಿತ್ತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಎಡ್ಗರ್ ಶಾ ಎಂಬ ವಿಜ್ಞಾನಿ, ಹೊರಗಿನ ದನಿ ಕಿವಿ ತಮಟೆಯನ್ನು ಮುಟ್ಟುವಷ್ಟರಲ್ಲಿ ಹೇಗೆ ಮಾರ್ಪಡುತ್ತದೆ ಎಂಬುದರ ಅಳತೆಗಳನ್ನು ತಾಳ್ಮೆಯಿಂದ ಒಟ್ಟುಗೂಡಿಸಿ 1974ರಲ್ಲಿ ಪ್ರಕಟಿಸಿದ್ದರು. ಕಿವಿ ಸುಮ್ಮನೆ ತೆರೆದಿಟ್ಟ ತೂತಲ್ಲ, ಅದೂ ಒಂದು ವಾದ್ಯ ಎಂಬುದು ಆ ಅಂಕಿಗಳಲ್ಲಿ ಕಾಣುತ್ತಿತ್ತು. 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಎಂಬ ಸ್ವಂತ ಸಂಸ್ಥೆ ಕಟ್ಟಿದ ಕಿಲಿಯನ್, ಮೊದಲು ಪ್ರಯೋಗಾಲಯಗಳಿಗೆಂದು ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಮಾಡಿದರು. 1991ರಲ್ಲಿ ಸಂಗೀತಪ್ರಿಯರಿಗೆಂದೇ ಇಆರ್-4 ಬಂತು. ಬೆರಳ ತುದಿಯಷ್ಟು ಅಗಲವಿಲ್ಲದ ನಳಿಗೆಯಲ್ಲಿ ಇಡೀ ವಾದ್ಯಮೇಳ ಕೇಳಿಸಿತು. 1995ರಲ್ಲಿ ವ್ಯಾನ್ ಹ್ಯಾಲೆನ್ ತಂಡದ ಸೌಂಡ್ ಎಂಜಿನಿಯರ್ ಜೆರಿ ಹಾರ್ವೆ, ವೇದಿಕೆಯ ಗದ್ದಲದಲ್ಲಿ ಏನೂ ಕೇಳದೆ ರೋಸಿಹೋಗಿದ್ದ ಡ್ರಮ್ ವಾದಕನಿಗಾಗಿ ಬೇಸ್‌ಗೊಂದು, ಟ್ರೆಬಲ್‌ಗೊಂದು ಪುಟ್ಟ ಸ್ಪೀಕರ್ ಜೋಡಿಸಿ ಇನ್ನೊಂದು ಬಗೆಯದನ್ನು ಮಾಡಿಕೊಟ್ಟರು.

ಸಾಧನ ಸಿಕ್ಕಿತು. ಅದರ ದನಿ ಹೇಗಿದ್ದರೆ ಎಲ್ಲರಿಗೂ ಒಪ್ಪಿತವಾಗುತ್ತದೆ ಎಂಬುದು ಸಿಗಲಿಲ್ಲ. ನಾಗಪುರದಂಥ ಒಂದೇ ಊರನ್ನು ತೆಗೆದುಕೊಂಡರೂ ದೀಕ್ಷಾಭೂಮಿಯ ಸುತ್ತ ಢೋಲಕಿಯ ಮೇಲೆ ಮೊಳಗುವ, ಅಂಬೇಡ್ಕರರನ್ನು ಕುರಿತ ಭೀಮಗೀತೆ ಇದೆ, ಆರ್ಗನ್ ಹಿಡಿದು ಸಾಗುವ ಮರಾಠಿ ರಂಗಭೂಮಿಯ ನಾಟ್ಯಗೀತೆ ಇದೆ, ಹಿಂದಿ ಸಿನಿಮಾ ಹಾಡಿದೆ, ಹುಡುಗರ ರ್‍ಯಾಪ್ ಇದೆ. ಸೀತಾಬರ್ಡಿ ಪೇಟೆಯಲ್ಲಿ ಕೆಲವೇ ನೂರು ರೂಪಾಯಿ ಕೊಟ್ಟು ಇಯರ್‌ಫೋನ್ ಕೊಳ್ಳುವವನ ಫೋನಿನಲ್ಲಿ ಇವೆಲ್ಲವೂ ಒಟ್ಟಿಗೆ ಇರಬಹುದು. ವಾದ್ಯಗಳ ಕಷ್ಟ ಬೇರೆ. ರಾಮನ್ ಮತ್ತು ಶಿವಕಾಲಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಸಾಮಾನ್ಯ ಡೋಲಿನ ಉಪಸ್ವರಗಳು ಒಂದಕ್ಕೊಂದು ಹೊಂದದೆ ಚೆಲ್ಲಾಪಿಲ್ಲಿಯಾಗಿರುತ್ತವೆ; ಮೃದಂಗ, ತಬಲಾಗಳಲ್ಲಿ ನಡುವಿನ ಕಪ್ಪು ಕರಣೆಯ ಭಾರ ಅವನ್ನು ತಂತಿವಾದ್ಯದ ಉಪಸ್ವರಗಳಂತೆ ಸಾಲಾಗಿ ನಿಲ್ಲಿಸುತ್ತದೆ. ಆ ಸಾಲಿನಲ್ಲಿ ಕೆಲವನ್ನು ಇಯರ್‌ಫೋನ್ ಹಿಗ್ಗಿಸಿ ಕೆಲವನ್ನು ನುಂಗಿದರೆ ತಬಲಾ ತಬಲಾ ಆಗಿ ಉಳಿಯದು. ಅಷ್ಟು ಜನರಿಗೆ, ಅಷ್ಟು ಸಂಗೀತಕ್ಕೆ ಒಂದೇ ಹದ ಎಂಬುದು ಇದೆಯೇ?

ಇಲ್ಲವೆಂದೇ ಉದ್ಯಮ ನಂಬಿತ್ತು. ಒಬ್ಬೊಬ್ಬರ ರುಚಿ ಒಂದೊಂದು ತೆರ ಎಂದು ತಯಾರಕರು ಮನಬಂದಂತೆ ಹದಮಾಡಿದರು. ಇದನ್ನು ಪ್ರಶ್ನಿಸಿದವರು ಕೂಡ ಒಟ್ಟಾವದ ಅದೇ ಮಂಡಳಿಯಿಂದ ಬಂದರು: ಫ್ಲಾಯ್ಡ್ ಟೂಲ್, ಅವರ ಜೊತೆಗಾರ ಶಾನ್ ಆಲಿವ್. ಆಲಿವ್ ಸಂಗೀತ ಓದಿ, ಧ್ವನಿಮುದ್ರಣ ಕಲಿತವರು. ಇಬ್ಬರೂ 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಹಾರ್ಮನ್ ಕಂಪನಿ ಸೇರಿದರು. 1994ರಲ್ಲಿ ಆ ಕಂಪನಿಯ ನಲವತ್ತು ನೌಕರರನ್ನೇ ಕೂರಿಸಿ ನಾಲ್ಕು ಸ್ಪೀಕರ್ ಕೇಳಿಸಿದರು. ಒಮ್ಮೆ ಪರದೆ ಮರೆಯಲ್ಲಿ, ಇನ್ನೊಮ್ಮೆ ಕಣ್ಣೆದುರು. ಕಾಣದಿದ್ದಾಗ ಒಳ್ಳೆಯ ಅಂಕ ಗಳಿಸಿದ್ದ ಅಗ್ಗದ, ಪುಟ್ಟ ಪ್ಲಾಸ್ಟಿಕ್ ಸ್ಪೀಕರ್ ಕಂಡ ಕೂಡಲೇ ಕೆಳಗಿಳಿಯಿತು. ದೊಡ್ಡದು, ದುಬಾರಿ ಎಂದು ಕಂಡವು ಮೇಲೇರಿದವು. ದನಿ ಒಂದಿಷ್ಟೂ ಬದಲಾಗಿರಲಿಲ್ಲ. ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಕಣ್ಣನ್ನು ದೂರವಿಟ್ಟರೆ ಕಿವಿಗಳು ಒಂದನ್ನೊಂದು ಒಪ್ಪುತ್ತವೆ ಎಂಬ ಸುಳಿವು ಅಲ್ಲಿತ್ತು.

ಸ್ಪೀಕರ್‌ಗೆ ಪರದೆ ಕಟ್ಟಬಹುದು. ತಲೆಯ ಮೇಲೇ ಕೂರುವ ಹೆಡ್‌ಫೋನಿಗೆ ಏನು ಮಾಡುವುದು? 2012ರಲ್ಲಿ ಆಲಿವ್ ಮತ್ತು ಟಾಡ್ ವೆಲ್ಟಿ ಆರು ಹೆಡ್‌ಫೋನ್‌ಗಳನ್ನು ಹಿಂದಿನಿಂದ ಬಂದು ಕೇಳುಗರ ತಲೆಗೆ ತೊಡಿಸಿದರು, ಯಾವುದೆಂದು ಕಾಣದಂತೆ. ಆದರೂ ಭಾರ, ಬಿಗಿ, ಮೆತ್ತೆಯ ನವಿರು ಚರ್ಮಕ್ಕೆ ತಿಳಿದುಬಿಡುತ್ತಿತ್ತು. ಒಂದನ್ನು ತೆಗೆದು ಇನ್ನೊಂದು ತೊಡಿಸುವಷ್ಟರಲ್ಲಿ ಮೊದಲಿನ ದನಿ ನೆನಪಿನಿಂದ ಜಾರುತ್ತಿತ್ತು. ಕಿವಿಯೊಳಗಿನ ಇಯರ್‌ಫೋನಿನಲ್ಲಂತೂ ಪಾಡು ಇನ್ನೂ ಕಷ್ಟ: ಒಬ್ಬರ ಕಿವಿಯಲ್ಲಿ ಬಿಗಿಯಾಗಿ ಕೂತದ್ದು ಇನ್ನೊಬ್ಬರಲ್ಲಿ ಸಡಿಲವಾಗಿ, ಒಂದೇ ಸಾಧನ ಇಬ್ಬರಿಗೆ ಎರಡು ಸಾಧನವಾಗುತ್ತಿತ್ತು.

ದಾರಿ ತೆರೆದದ್ದು ಒಂದು ಜಾಣತನದಿಂದ. ಹಲವು ಸಾಧನಗಳನ್ನು ಬದಲಿಸುವ ಬದಲು ಕೇಳುಗರ ಕಿವಿಯಲ್ಲಿ ಒಂದನ್ನೇ ಇಟ್ಟು, ಉಳಿದವುಗಳ ದನಿಯನ್ನು ಕೃತಕ ಕಿವಿಯಲ್ಲಿ ಅಳೆದು, ಕಂಪ್ಯೂಟರಿನ ಮೂಲಕ ಅದೊಂದರಿಂದಲೇ ನುಡಿಸಿದರು. ಈಗ ಗುಂಡಿ ಒತ್ತಿದರೆ ಸಾಧನ ಬದಲಾಗುತ್ತಿತ್ತು. ಭಾರವಿಲ್ಲ, ಹೆಸರಿಲ್ಲ, ಬೆಲೆಯಿಲ್ಲ.

ಆಗ ಕುಸಿದದ್ದು ಹಳೆಯ ಶಾಸ್ತ್ರ. ದನಿ ಎಲ್ಲ ದಿಕ್ಕುಗಳಿಂದ ಸಮನಾಗಿ ಬಂದಾಗ ಕಿವಿಯಲ್ಲಿ ಮೂಡುವ ರೂಪವೇ ಹೆಡ್‌ಫೋನಿಗೆ ಆದರ್ಶ ಎಂದು 1980ರ ದಶಕದಿಂದ ನಡೆದುಬಂದಿತ್ತು. ಕೇಳುಗರಿಗೆ ಅದು ತೆಳು, ಚೂಪು ಎನಿಸಿತು. ಒಳ್ಳೆಯ ಕೋಣೆಯಲ್ಲಿ ಇಟ್ಟ ಒಳ್ಳೆಯ ಸ್ಪೀಕರ್‌ಗಳು ಕಿವಿಯಲ್ಲಿ ಮೂಡಿಸುವ ದನಿಯನ್ನೇ ಅಳೆದು, ಅದರ ಮೇಲೆ ಬೇಸ್, ಟ್ರೆಬಲ್‌ಗಳನ್ನು ಕೇಳುಗರೇ ಹೊಂದಿಸಿಕೊಳ್ಳಲಿ ಎಂದು ಆಲಿವ್ ಬಿಟ್ಟಾಗ, ಮಂದ್ರದಿಂದ ತಾರದವರೆಗೆ ಯಾವ ದನಿ ಎಷ್ಟು ಜೋರಾಗಿರಬೇಕೆಂದು ತೋರಿಸುವ ಒಂದು ಗೆರೆ ಮೂಡತೊಡಗಿತು. ಅದಕ್ಕೆ ಹಾರ್ಮನ್ ಗೆರೆ ಎಂದೇ ಹೆಸರಾಯಿತು. 2014ರ ಹೊತ್ತಿಗೆ ಕೆನಡಾ, ಅಮೆರಿಕ, ಜರ್ಮನಿ, ಚೀನಾಗಳ 238 ಮಂದಿಗೆ ಕೇಳಿಸಿ ನೋಡಿದರು. ಭಾಷೆ ಬೇರೆ, ವಯಸ್ಸು ಬೇರೆ. ಹೆಚ್ಚಿನವರ ಒಲವು ಅದೇ ಗೆರೆಯತ್ತ. ಭಾರತದ ಕಿವಿಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಇರಬೇಕಿತ್ತು, ತಂಬೂರಿಯ ಝೇಂಕಾರಕ್ಕೆ ಪಳಗಿದ ಕಿವಿ ಏನು ಹೇಳುತ್ತಿತ್ತೋ ಕೇಳಬೇಕಿತ್ತು.

ಆಮೇಲೆ ಕಿವಿಯೊಳಗಿನ ಇಯರ್‌ಫೋನಿನ ಸರದಿ. 2016ರಲ್ಲಿ ಬೇಸ್ ಒಂದನ್ನೇ ಹಿಡಿದು ಪರೀಕ್ಷಿಸಿದಾಗ, ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನಿಗಿಂತ ಇದರಲ್ಲಿ ಜನ ಹೆಚ್ಚು ಬೇಸ್ ಬಯಸಿದರು. 2017ರಲ್ಲಿ 30 ಮಾದರಿಗಳನ್ನು 71 ಮಂದಿ ಕೇಳಿದರು. ಸಂಶೋಧಕರು ತಮ್ಮ ಗೆರೆಯನ್ನೂ ಗುಟ್ಟಾಗಿ ಆ ಸಾಲಿಗೆ ಸೇರಿಸಿದ್ದರು. ಮೊದಲ ಸ್ಥಾನ ಅದಕ್ಕೇ ಬಂತು. ಅಳತೆಯ ರೇಖಾಪಟವನ್ನಷ್ಟೇ ನೋಡಿ, ಜನ ಎಷ್ಟು ಅಂಕ ಕೊಡುತ್ತಾರೆಂದು ಬಹುಮಟ್ಟಿಗೆ ಸರಿಯಾಗಿ ಊಹಿಸುವ ಸೂತ್ರವೂ ಸಿಕ್ಕಿತು.

ಅದೇ ವರ್ಷ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್, ಇಯರ್‌ಫೋನ್‌ಗಳ ದನಿಯ ಅಳತೆಯನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಸಂಬಂಧವೇ ಕಾಣಲಿಲ್ಲ. ಗೆರೆ ಪ್ರಕಟವಾಗಿತ್ತು, ಯಾರೂ ಬಳಸಬಹುದಿತ್ತು. ಚೀನಾದ ಸಣ್ಣಪುಟ್ಟ ತಯಾರಕರು ಅದನ್ನೇ ಮುಂದಿಟ್ಟುಕೊಂಡು ಅಗ್ಗದ ಇಯರ್‌ಫೋನ್‌ಗಳನ್ನು ಹದಮಾಡತೊಡಗಿದರು. ಒಂದು ಕಾಲಕ್ಕೆ ಪ್ರಯೋಗಾಲಯಕ್ಕೂ ವೇದಿಕೆಯ ತಾರೆಯರಿಗೂ ಮೀಸಲಾಗಿದ್ದ ದನಿ ಸಾಮಾನ್ಯರ ಕೈಗೆಟುಕಿತು.

ಹಾಗಾದರೆ ರುಚಿಭೇದ ಎಂಬುದೇ ಸುಳ್ಳೇ? ಅದಕ್ಕೂ 2019ರಲ್ಲಿ ಉತ್ತರ ಬಂತು. ಕೇಳುಗರನ್ನು ಅವರ ಒಲವಿನಂತೆ ವಿಂಗಡಿಸಿದಾಗ ಮೂರೇ ಗುಂಪುಗಳು ಕಂಡವು. ಶೇಕಡಾ 64 ಜನ ಗೆರೆಯನ್ನು ಹಾಗೆಯೇ ಒಪ್ಪಿದರು. ಶೇಕಡಾ 15 ಜನರಿಗೆ ಇನ್ನಷ್ಟು ಬೇಸ್ ಬೇಕಿತ್ತು. ಶೇಕಡಾ 21 ಜನರಿಗೆ ಅದಕ್ಕಿಂತ ಕಡಿಮೆ ಸಾಕಿತ್ತು. ಐವತ್ತು ದಾಟಿದವರೂ ಹೆಂಗಸರೂ ಈ ಗುಂಪಿನಲ್ಲಿ ಹೆಚ್ಚು. ನೂರಾರು ರುಚಿ ಎಂದುಕೊಂಡದ್ದು ಬಹುಪಾಲು ಒಂದೇ ರುಚಿಯಾಗಿತ್ತು, ಬೇಸ್ ತುಸು ಹೆಚ್ಚು ಅಥವಾ ತುಸು ಕಡಿಮೆ. ಹಾಗೆ ಬೇಕಾದವರು ಫೋನಿನ ಈಕ್ವಲೈಸರಿನಲ್ಲಿ ಬೇಸ್ ಒಂದನ್ನೇ ಏರಿಸಿ ಇಳಿಸಿಕೊಳ್ಳಬಹುದು. ಭೀಮಗೀತೆಗೊಂದು, ನಾಟ್ಯಗೀತೆಗೊಂದು ಬೇರೆ ಸಾಧನ ಬೇಕಿಲ್ಲ.

ಗುಟ್ಟು ಇರುವುದು ಕಿವಿಯ ರಚನೆಯಲ್ಲಿ. ಕಿವಿನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ತೆರೆದಿದ್ದಾಗ ಅದು 3,000 ಹರ್ಟ್ಸ್ ಆಸುಪಾಸಿನ ದನಿಯನ್ನು ತಾನಾಗಿ ಎತ್ತಿ ಕೊಡುತ್ತದೆ; ಹುಟ್ಟಿದಾಗಿನಿಂದ ಎಲ್ಲರೂ ಲೋಕವನ್ನು ಕೇಳಿರುವುದು ಆ ಎತ್ತರದೊಂದಿಗೇ. ಇಯರ್‌ಫೋನ್ ತೂರಿಸಿದ ಕೂಡಲೇ ಕೊಳವೆಯ ಇನ್ನೊಂದು ತುದಿಯೂ ಮುಚ್ಚಿ ಆ ಎತ್ತರ ಅಳಿಸಿಹೋಗುತ್ತದೆ. ಅದನ್ನು ಸಾಧನವೇ ತುಂಬಿಕೊಡಬೇಕು. ಹಾರ್ಮನ್ ಗೆರೆ 3,000 ಹರ್ಟ್ಸ್ ಬಳಿ ಗುಡ್ಡದಂತೆ ಏಳುವುದು ಇದಕ್ಕಾಗಿ. ಬೇಸ್‌ನದು ಬೇರೆ ಲೆಕ್ಕ. ಪುಟ್ಟ ಹಾಳೆಯೊಂದು ಮಂದ್ರವನ್ನು ಕೇಳಿಸಬಲ್ಲದು, ಏಕೆಂದರೆ ಅದು ತಳ್ಳುವುದು ಮುಚ್ಚಿದ ನಾಳದೊಳಗಿನ ಒಂದೆರಡು ಘನ ಸೆಂಟಿಮೀಟರ್ ಗಾಳಿಯನ್ನಷ್ಟೇ. ವಾಷರ್ ಸವೆದ ಸೈಕಲ್ ಪಂಪಿನಂತೆ, ರಬ್ಬರ್ ಟಿಪ್ಪಿನ ಅಂಚಿನಲ್ಲಿ ಕೂದಲಷ್ಟು ಸಂದಿ ಇದ್ದರೂ ನಿಧಾನವಾಗಿ ಏರಿಳಿಯುವ ಒತ್ತಡ ಸೋರಿಹೋಗುತ್ತದೆ. ತಾರದ ಕಂಪನ ಅಷ್ಟು ಬೇಗ ಸೋರಲಾರದು, ಹಾಗೇ ಉಳಿಯುತ್ತದೆ. ಬೇಸ್ ಇಲ್ಲವೆಂದು ದೂರುವವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ಹೊಸ ಇಯರ್‌ಫೋನ್ ಅಲ್ಲ, ಅದರ ಡಬ್ಬಿಯಲ್ಲೇ ಬಂದಿರುವ ಒಂದು ಅಳತೆ ದೊಡ್ಡ ಟಿಪ್.