ಹಾಲು, ಹೂವು, ಹಾವು: ಮನೆಮಾತು ಮಗುವಿಗೆ ದಾಟುವ ಹೊತ್ತು

ತಮಿಳುನಾಡಿನ ತೊಂಡಾಮುತ್ತೂರಿನ ಕನ್ನಡ ಮನೆಯಲ್ಲಿ ಬೆಳೆಯುವ ಮಗುವಿಗೆ ಹಾಲಿಗೆ ಎರಡು ಹೆಸರು. ಅಜ್ಜಿಯ ಮಡಿಲಲ್ಲಿ ಅದು ಹಾಲು, ಬೀದಿಗಿಳಿದರೆ ಪಾಲ್. ಅಂಗಳದ ಹೂವು ಪಕ್ಕದ ಮನೆಯಲ್ಲಿ ಪೂ. ತೋಟದ ಬದುವಿನಲ್ಲಿ ಹರಿದು ಹೋದ ಹಾವು ಪಾಂಬು, ಕಾಡಿನ ಹುಲಿ ಪುಲಿ. ಸಾವಿರ ವರ್ಷದ ಹಿಂದೆ ಕನ್ನಡದಲ್ಲೂ ಇವೆಲ್ಲ ಪಕಾರದಿಂದಲೇ ಶುರುವಾಗುತ್ತಿದ್ದವು: ಪಾಲ್, ಪೂ, ಪಾವು, ಪುಲಿ. ನಡುಗನ್ನಡದ ಹೊತ್ತಿಗೆ ಆ ಪಕಾರ ಹಕಾರವಾಯಿತು, ತಮಿಳು ಅದನ್ನು ಹಾಗೆಯೇ ಉಳಿಸಿಕೊಂಡಿತು. ಎರಡು ವರ್ಷದ ಮಗು ಇಷ್ಟು ದೊಡ್ಡ ಚರಿತ್ರೆಯನ್ನು ಪುಟ್ಟ ನಾಲಿಗೆಯ ಮೇಲೆ ಹೊತ್ತು ಓಡಾಡುತ್ತದೆ. ಯಾರ ಮುಂದೆ ಯಾವ ಹೆಸರು ಹೇಳಬೇಕೆಂಬುದೂ ಅದಕ್ಕೆ ಬೇಗ ತಿಳಿದುಬಿಡುತ್ತದೆ.

ಆದರೆ ಎರಡು ಹೆಸರುಗಳಿಗೂ ಸಮನಾದ ಆಸರೆ ಇಲ್ಲ. ಪಾಲ್ ಎಂಬ ಮಾತನ್ನು ಕಲಿಸಲು ಇಡೀ ಊರೇ ಇದೆ; ಅಂಗನವಾಡಿ, ಶಾಲೆ, ಅಂಗಡಿಯ ಬೋರ್ಡು, ಟಿವಿ ಎಲ್ಲವೂ ಇವೆ. ಹಾಲು ಎಂಬ ಮಾತನ್ನು ಕಲಿಸಲು ಇರುವುದು ಹಾಲು ಕುಡಿಸುವ ಹೊತ್ತು ಮಾತ್ರ. ಆ ಹೊತ್ತು ಅವಸರದಲ್ಲಿ ಕಳೆದುಹೋದರೆ ಅಲ್ಲಿ ಆಡಬೇಕಿದ್ದ ಕನ್ನಡವೂ ಕಳೆದುಹೋಗುತ್ತದೆ. ಪುಟ್ಟ ಮಕ್ಕಳೊಂದಿಗೆ ನಿಧಾನವಾಗಿರುವುದು ಎಲ್ಲ ಕಡೆಯ ಹೆತ್ತವರಿಗೂ ಒಂದು ಸುಖ. ಇಲ್ಲಿನ ಮನೆಗಳಲ್ಲಿ ಒಂದು ಭಾಷೆಯ ಉಳಿವೂ ಅದರ ಮೇಲೆ ನಿಂತಿದೆ.

ಅಕ್ಷರವಿಲ್ಲದ ಕನ್ನಡ

ಕೊಯಮತ್ತೂರಿನಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ತೊಂಡಾಮುತ್ತೂರು. ಹಿನ್ನೆಲೆಯಲ್ಲಿ ವೆಳ್ಳಿಯಂಗಿರಿ ಬೆಟ್ಟಸಾಲು. ಅಲ್ಲಿಂದ ಇಳಿದು ಬರುವ ನೊಯ್ಯಲ್ ನದಿ ಪೇರೂರನ್ನೂ ಕೊಯಮತ್ತೂರು, ತಿರುಪ್ಪೂರು ನಗರಗಳನ್ನೂ ಹಾದು ಕೊನೆಗೆ ಕಾವೇರಿಯನ್ನು ಸೇರುತ್ತದೆ. ಸುತ್ತ ಅಡಿಕೆ, ತೆಂಗು, ಬಾಳೆಯ ತೋಟಗಳು. ಅರಿಸಿನ, ಸಣ್ಣ ಈರುಳ್ಳಿ, ತರಕಾರಿಯ ಹೊಲಗಳು.

ಈ ಭಾಗದಲ್ಲಿ ಬೇಸಾಯ ಮಾಡುವ ಒಕ್ಕಲಿಗ ಕುಟುಂಬಗಳ ಮನೆಮಾತು ತಲೆಮಾರುಗಳಿಂದ ಕನ್ನಡ. ಕೊಯಮತ್ತೂರಿನ ದೇವಾಂಗ ನೇಕಾರರಲ್ಲೂ ಕನ್ನಡದ ಮನೆಗಳಿವೆ. 1901ರ ಮದ್ರಾಸ್ ಜನಗಣತಿ ವರದಿ ಒಕ್ಕಲಿಗರನ್ನು ಮೈಸೂರು ಮೂಲದ ಕನ್ನಡ ಬೇಸಾಯಗಾರರೆಂದೂ ಮುಖ್ಯವಾಗಿ ಮಧುರೆ ಮತ್ತು ಕೊಯಮತ್ತೂರು ಜಿಲ್ಲೆಗಳಲ್ಲಿ ಇರುವವರೆಂದೂ ಬರೆಯಿತು. 1909ರಲ್ಲಿ ಎಡ್ಗರ್ ಥರ್ಸ್ಟನ್ ತಮ್ಮ ಗ್ರಂಥದಲ್ಲಿ ಆ ಮಾತನ್ನು ಮತ್ತೆ ದಾಖಲಿಸಿದರು. 1799ರಲ್ಲಿ ಟಿಪ್ಪು ಸುಲ್ತಾನ ಮಡಿಯುವವರೆಗೂ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿ ಆಚೀಚೆ ಸರಿಯಿತು, ಅಡುಗೆಮನೆಯ ಮಾತು ಸರಿಯಲಿಲ್ಲ.

ಈ ಕನ್ನಡಕ್ಕೆ ಪುಸ್ತಕವಿಲ್ಲ. ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುತ್ತಾರೆ. ಕನ್ನಡ ಲಿಪಿ ಗೊತ್ತಿಲ್ಲದ ಹಿರಿಯರೇ ಹೆಚ್ಚು. ಇಷ್ಟು ಕಾಲ ಅದು ಬಾಯಿಂದ ಕಿವಿಗೆ, ಹಿರಿಯರಿಂದ ಕಿರಿಯರಿಗೆ ದಾಟಿದೆ. ದಾಟಿದ ಜಾಗಗಳು ಬಚ್ಚಲು, ಜಗಲಿ, ತೊಟ್ಟಿಲು, ತೋಟದ ದಾರಿ.

ಮುಖ ಬೇಕು

ಹುಟ್ಟಿದ ಮಗು ಲೋಕದ ಯಾವ ಭಾಷೆಯ ಸದ್ದನ್ನಾದರೂ ಬೇರ್ಪಡಿಸಿ ಕೇಳಬಲ್ಲದು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಆ ಶಕ್ತಿ ಕಿರಿದಾಗಿ, ದಿನವೂ ಕೇಳುವ ಭಾಷೆಗೆ ಹೊಂದಿಕೊಳ್ಳುತ್ತದೆ. ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇದನ್ನು ತೋರಿಸಿದರು. ಅವರು ಪರೀಕ್ಷೆಗೆ ಬಳಸಿದ ಸದ್ದುಗಳಲ್ಲಿ ಹಿಂದಿಯ ತಕಾರ, ಟಕಾರಗಳೂ ಇದ್ದವು. ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಶಿಶುಗಳು ಆ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದವು, ವರ್ಷ ತುಂಬುವ ಹೊತ್ತಿಗೆ ಬಹುತೇಕ ಶಿಶುಗಳಿಗೆ ಅದು ಆಗಲಿಲ್ಲ.

ಹಾಗಾದರೆ ಕನ್ನಡದ ಪದ್ಯಗಳನ್ನು ಫೋನಿನಲ್ಲಿ ಹಾಕಿಬಿಟ್ಟರೆ ಸಾಲದೇ? ಇದಕ್ಕೆ ಉತ್ತರ ಅಮೆರಿಕದ ಸಿಯಾಟಲ್‌ನಿಂದ ಬಂತು. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ನಾಲ್ಕು ವಾರಗಳಲ್ಲಿ 12 ಬಾರಿ, ಪ್ರತಿ ಸಲ 25 ನಿಮಿಷ ಚೀನಾದ ಮ್ಯಾಂಡರಿನ್ ಕೇಳಿಸಿದರು. ಒಂದು ಗುಂಪಿನ ಎದುರು ಆ ಭಾಷೆಯವರೇ ನೆಲದ ಮೇಲೆ ಕುಳಿತು ಆಟಿಕೆ ಹಿಡಿದು ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಮಾತು ಪರದೆಯ ಮೇಲೆ ಬಂತು, ಮತ್ತೊಂದಕ್ಕೆ ಧ್ವನಿ ಮಾತ್ರ. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎದುರಿಗೆ ಮನುಷ್ಯರಿದ್ದ ಶಿಶುಗಳು ಮ್ಯಾಂಡರಿನ್ ಸದ್ದುಗಳನ್ನು ಗುರುತಿಸಲು ಕಲಿತವು. ಪರದೆ ನೋಡಿದವು, ಧ್ವನಿ ಕೇಳಿದವು ಕಲಿಯಲಿಲ್ಲ. ಮಗು ಕಣ್ಣು ಹಾಯಿಸಿದತ್ತ ಪರದೆ ತಿರುಗಿ ನೋಡುವುದಿಲ್ಲ. ಅದು ನಕ್ಕಾಗ ಪರದೆ ನಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯೂ ಇದರ ಜೊತೆಗೇ ನಿಲ್ಲುತ್ತದೆ: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕರ ವಯಸ್ಸಿನಲ್ಲಿ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು.

ಮೂರು ಸೆಕೆಂಡಿನ ಬಿಡುವು

ಮಾತು ಸುರಿದ ಮಾತ್ರಕ್ಕೆ ಮಗುವಿಗೆ ಇಳಿಯುವುದಿಲ್ಲ, ಅದು ಕೊಟ್ಟು ತೆಗೆದುಕೊಳ್ಳುವ ಆಟ. ರೇಚಲ್ ರೋಮಿಯೋ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಮಾತನ್ನು ಧ್ವನಿಮುದ್ರಿಸಿ, ಅದೇ ಮಕ್ಕಳು ಕತೆ ಕೇಳುವಾಗ ಅವರ ಮಿದುಳು ಹೇಗೆ ಕೆಲಸ ಮಾಡುತ್ತದೆಂದು ನೋಡಿದರು. ಭಾಷೆಗೆ ಸಂಬಂಧಿಸಿದ ಮಿದುಳಿನ ಭಾಗ ಹೆಚ್ಚು ಚುರುಕಾಗಿದ್ದದ್ದು ಹೆಚ್ಚು ಪದ ಕೇಳಿದ ಮಕ್ಕಳಲ್ಲಲ್ಲ, ದೊಡ್ಡವರೊಂದಿಗೆ ಹೆಚ್ಚು ಬಾರಿ ಮಾತು ಬದಲಾಯಿಸಿಕೊಂಡ ಮಕ್ಕಳಲ್ಲಿ. ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಮಾತಿಗೆ ಮಾತು ಬರಬೇಕಾದರೆ ದೊಡ್ಡವರು ಕಾಯಬೇಕು. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳಲ್ಲಿ ಈ ಕಾಯುವಿಕೆಯನ್ನೇ ಅಳೆದರು. ಪ್ರಶ್ನೆ ಕೇಳಿದ ಮೇಷ್ಟರು ಸರಾಸರಿ ಒಂದೇ ಸೆಕೆಂಡು ಕಾದು, ತಾವೇ ಉತ್ತರ ಹೇಳುತ್ತಿದ್ದರು ಅಥವಾ ಇನ್ನೊಬ್ಬರನ್ನು ಕೇಳುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರು ಬಾಯಿ ಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು.

ಎರಡು ಭಾಷೆಯ ಮಗುವಿಗೆ ಈ ಮೂರು ಸೆಕೆಂಡು ಬಲು ದೊಡ್ಡದು. ಅಜ್ಜಿ ‘ಎಲ್ಲಿಗೆ ಹೋಗಿದ್ದೆ ಸಾಮಿ?’ ಎಂದಾಗ ನಾಲಿಗೆಯ ತುದಿಗೆ ಮೊದಲು ಬರುವುದು ಬೆಳಗ್ಗೆಯಿಂದ ಶಾಲೆಯಲ್ಲಿ ಆಡಿದ ತಮಿಳು. ಕನ್ನಡದ ಪದ ಒಂದು ಹೆಜ್ಜೆ ಹಿಂದೆ ಇರುತ್ತದೆ. ಅವಸರದ ಮನೆ ಆ ಒಂದು ಹೆಜ್ಜೆಗೆ ಕಾಯದೆ ತಮಿಳಿನಲ್ಲೇ ಮುಂದಿನ ಮಾತಾಡಿಬಿಡುತ್ತದೆ. ಸ್ವಲ್ಪ ಕಾದರೆ ಅರ್ಧ ತಮಿಳು ಅರ್ಧ ಕನ್ನಡದ ಒಂದು ವಾಕ್ಯ ಬರುತ್ತದೆ. ಅದನ್ನು ತಪ್ಪೆಂದು ತಿದ್ದಬೇಕಿಲ್ಲ. ಅದನ್ನೇ ಎತ್ತಿಕೊಂಡು ಪೂರ್ತಿ ಕನ್ನಡದಲ್ಲಿ ಮರಳಿ ಆಡಿದರೆ, ಮಗು ನಾಳೆ ಆ ಪದವನ್ನು ತಾನೇ ಹುಡುಕಿ ತರುತ್ತದೆ.

ಮನೆಯ ಮಾತು ಮನೆಯಲ್ಲೇ ಬತ್ತುವುದು ಇಲ್ಲಿಯ ಆತಂಕವಷ್ಟೇ ಅಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದಲ್ಲಿ ಆನಿಕ್ ಡೆ ಹೌವರ್ 1,899 ಕುಟುಂಬಗಳ ಮಾಹಿತಿಯನ್ನು ಪರಿಶೀಲಿಸಿ 2007ರಲ್ಲಿ ವರದಿ ಮಾಡಿದರು. ಹೆತ್ತವರಲ್ಲಿ ಒಬ್ಬರಾದರೂ ಅಲ್ಪಸಂಖ್ಯಾತ ಭಾಷೆಯನ್ನು ಮನೆಯಲ್ಲಿ ಆಡುತ್ತಿದ್ದರೂ, ಸುಮಾರು ನಾಲ್ಕರಲ್ಲಿ ಒಂದು ಮನೆಯ ಮಕ್ಕಳು ಆ ಭಾಷೆ ಆಡುತ್ತಿರಲಿಲ್ಲ.

ನೀರೆರೆಯುವ ಹೊತ್ತು

ಹಂಗೇರಿಯ ಬುಡಾಪೆಸ್ಟ್‌ನಲ್ಲಿ 1946ರಲ್ಲಿ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್, ತಬ್ಬಲಿ ಶಿಶುಗಳಿಗಾಗಿ ಲೋತ್ಸಿ ಎಂಬ ಬೀದಿಯಲ್ಲಿ ಒಂದು ಆಶ್ರಯಮನೆ ತೆರೆದರು. ಶಿಶುಗಳು ಹಲವು, ಆರೈಕೆಯ ಕೈಗಳು ಕೆಲವು. ದಿನವಿಡೀ ಪ್ರತಿ ಮಗುವಿನೊಂದಿಗೂ ಇರುವುದು ಸಾಧ್ಯವಿರಲಿಲ್ಲ. ಹೇಗೂ ಮಾಡಲೇಬೇಕಾದ ಮೂರು ಕೆಲಸಗಳನ್ನು, ಅಂದರೆ ಉಣಿಸುವುದು, ಮೀಯಿಸುವುದು, ಬಟ್ಟೆ ಬದಲಿಸುವುದನ್ನು ಆತುರವಿಲ್ಲದೆ, ಪೂರ್ತಿ ಗಮನವಿಟ್ಟು ಮಾಡುವಂತೆ ಅವರು ಆರೈಕೆ ಮಾಡುವವರಿಗೆ ಕಲಿಸಿದರು. ಎತ್ತಿಕೊಳ್ಳುವ ಮೊದಲು ಮಗುವಿಗೆ ಹೇಳು, ಕೈ ಚಾಚು, ಅದು ಮೈ ಸಡಿಲಿಸುವ ತನಕ ಕಾಯು.

ಪಿಕ್ಲರ್ ಅವರ ಹೆಸರೇ ಕೇಳಿರದ ನಮ್ಮ ಅಜ್ಜಿಯರಿಗೆ ಇದರ ಬಹುಭಾಗ ಗೊತ್ತಿತ್ತು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತೀಡುತ್ತಾ ಒಂದೊಂದೇ ಅಂಗದ ಹೆಸರು ಹೇಳುವುದು: ಕೈ, ಕಾಲು, ಹೊಟ್ಟೆ, ಬೆನ್ನು, ಕಿರುಬೆರಳು. ನೀರೆರೆಯುವ ಮುನ್ನ ಎಚ್ಚರಿಕೆಯ ಒಂದು ರಾಗ. ಆಮೇಲೆ ದೃಷ್ಟಿ ತೆಗೆದು, ಸಾಂಬ್ರಾಣಿ ಹೊಗೆ ಹಿಡಿದು, ತೊಟ್ಟಿಲಿಗೆ ಹಾಕಿ ಜೋಗುಳ. ಕೆಲಸವೂ ಆಯಿತು, ಮಾತೂ ಆಯಿತು. ಪ್ರತ್ಯೇಕ ಸಮಯ ಬೇಕಾಗಲಿಲ್ಲ. ಹೊಲಕ್ಕೂ ಕೊಯಮತ್ತೂರಿನ ಕೆಲಸಕ್ಕೂ ಓಡುವ ತಾಯಿ ತಂದೆಯರ ದಿನದಲ್ಲಿಯೂ ಈ ಮೂರು ಕೆಲಸಗಳು ಇದ್ದೇ ಇರುತ್ತವೆ. ಮೂರನ್ನೂ ನಿಧಾನ ಮಾಡಲಾಗದಿದ್ದರೆ ಒಂದನ್ನಾದರೂ ಮಾಡಬಹುದು.

ಮಗು ನಿಂತಲ್ಲಿ ನಿಲ್ಲುವುದು

ಮಳೆಗಾಲದಲ್ಲಿ ನೊಯ್ಯಲ್‌ಗೆ ನೀರು ಬಂದಾಗ ಚಿತ್ತಿರೈಚಾವಡಿ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿಯುತ್ತದೆ. ಮೂರು ವರ್ಷದ ಮಗುವಿನ ಕೈ ಹಿಡಿದು ಅಂಥ ಕಾಲುವೆಯ ಬದಿಯಲ್ಲಿ ನಡೆದವರಿಗೆ ಗೊತ್ತು, ಅದು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಬಸವನಹುಳು ಕಂಡರೆ ನಿಲ್ಲುತ್ತದೆ, ತೇಲಿ ಬಂದ ಅಡಿಕೆ ಹಾಳೆ ಕಂಡರೆ ಕೂತೇಬಿಡುತ್ತದೆ. ದೊಡ್ಡವರು ‘ಬಾ, ಹೊತ್ತಾಯ್ತು, ಅಲ್ಲಿ ನವಿಲು ನೋಡು’ ಎಂದು ಎಳೆಯುತ್ತಾರೆ.

ಮೈಕಲ್ ತೊಮಾಸೆಲ್ಲೊ ಮತ್ತು ಜೆಫ್ರಿ ಫರಾರ್ 1986ರಲ್ಲಿ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳಿಗೆ ಎರಡು ಬಗೆಯಲ್ಲಿ ಹೊಸ ಪದ ಕಲಿಸಿ ನೋಡಿದರು. ಮಗು ಆಗಲೇ ನೋಡುತ್ತಿದ್ದ ವಸ್ತುವಿನ ಹೆಸರು ಹೇಳುವುದು ಒಂದು ಬಗೆ, ಅದರ ಗಮನವನ್ನು ಬೇರೆ ಕಡೆ ತಿರುಗಿಸಿ ಹೆಸರು ಹೇಳುವುದು ಇನ್ನೊಂದು. ಮೊದಲ ಬಗೆಯ ಪದಗಳು ಹೆಚ್ಚು ಚೆನ್ನಾಗಿ ನಿಂತವು. ಮಗು ಬಸವನಹುಳುವನ್ನು ನೋಡುತ್ತಿರುವಾಗ ಅದರ ಮನಸ್ಸಿನಲ್ಲಿ ಬಸವನಹುಳುವಿನ ಹೆಸರಿಗೆ ಜಾಗ ಸಿದ್ಧವಾಗಿದೆ. ನವಿಲಿನ ಹೆಸರಿಗೆ ಆ ಗಳಿಗೆಯಲ್ಲಿ ಇಲ್ಲ.

ಆ ತೇಲಿಬಂದ ಹಾಳೆಯನ್ನು ಎತ್ತಿ, ಮಗುವನ್ನು ಅದರ ಮೇಲೆ ಕೂರಿಸಿ ತೋಟದಲ್ಲಿ ಎಳೆದರೆ ಹಾಳೆ, ಸೋಗೆ, ಎಳೆ, ಬಿದ್ದೆ, ಇನ್ನೊಂದು ಸಲ ಎಂಬ ಮಾತುಗಳೆಲ್ಲ ನಗುವಿನ ಜೊತೆ ಒಳಗಿಳಿಯುತ್ತವೆ.

ನೆನಪು ಕಟ್ಟುವ ಮಾತು

ಇಷ್ಟು ಮಾಡಿದರೂ ಮೂರು ವರ್ಷ ತುಂಬುವ ಮುಂಚಿನದು ಮಗುವಿಗೆ ನೆನಪಿರುವುದಿಲ್ಲವಲ್ಲ ಎಂಬ ಸಂದೇಹ ಸಹಜ. ನ್ಯೂಜಿಲೆಂಡಿನಲ್ಲಿ ಶೆಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ದೊಡ್ಡವರನ್ನು ಅವರ ಬದುಕಿನ ಮೊಟ್ಟಮೊದಲ ನೆನಪು ಯಾವುದೆಂದು ಕೇಳಿದರು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಯುರೋಪ್ ಮೂಲದವರ ಮೊದಲ ನೆನಪು ಸರಾಸರಿ ಮೂರೂವರೆ ವರ್ಷದ್ದಾದರೆ, ಅಲ್ಲಿನ ಮೂಲನಿವಾಸಿ ಮಾವೊರಿ ಜನರದು ಎರಡೂ ಮುಕ್ಕಾಲು ವರ್ಷದ ಸುಮಾರಿನದು. ಹಿಂದಿನದನ್ನು ಆಡಿ ಉಳಿಸಿಕೊಳ್ಳುವ ಗಟ್ಟಿ ಪರಂಪರೆ ಮಾವೊರಿ ಸಮಾಜದಲ್ಲಿದೆ. ನಡೆದದ್ದನ್ನು ಮಗುವಿನೊಂದಿಗೆ ಬಿಡಿಸಿ ಬಿಡಿಸಿ ಮಾತಾಡುವ ಮನೆಗಳಲ್ಲಿ ಮಕ್ಕಳ ನೆನಪು ಸಮೃದ್ಧವಾಗುತ್ತದೆಂದು ರಾಬಿನ್ ಫಿವುಶ್, ಎಲೇನ್ ರೀಸ್ ಮುಂತಾದವರ ಕೆಲಸವೂ ಹೇಳುತ್ತದೆ.

ಇದೇ ಮಾವೊರಿ ಜನ ತಮ್ಮ ಭಾಷೆ ಮನೆಗಳಿಂದ ಮಾಯವಾಗುವುದನ್ನು ಕಂಡು 1982ರಲ್ಲಿ ವೆಲ್ಲಿಂಗ್ಟನ್ ಬಳಿಯ ವೈನುಯಿಯೊಮಾಟಾದಲ್ಲಿ ಮೊದಲ ‘ಕೊಹಂಗಾ ರೆಯೊ’ ತೆರೆದರು. ಆ ಹೆಸರಿನ ಅರ್ಥ ಭಾಷೆಯ ಗೂಡು. ಭಾಷೆ ಬಲ್ಲ ಅಜ್ಜ ಅಜ್ಜಿಯರು ಅಲ್ಲಿ ಪುಟ್ಟ ಮಕ್ಕಳೊಂದಿಗೆ ದಿನವಿಡೀ ಇದ್ದು, ಉಣಿಸಿ, ಆಡಿಸಿ, ಹಾಡಿ, ಮಲಗಿಸಿದರು. ಕೆಲವೇ ವರ್ಷಗಳಲ್ಲಿ ಅಂಥ ನೂರಾರು ಗೂಡುಗಳು ದೇಶದ ತುಂಬ ಹರಡಿದವು. ತೊಂಡಾಮುತ್ತೂರಿನ ಜಗಲಿಗಳಲ್ಲಿ ಅಡಿಕೆ ಸುಲಿಯುತ್ತಾ ಕೂರುವ ಹಿರಿಯರ ನಾಲಿಗೆಯಲ್ಲಿ ಅಂಥ ಗೂಡಿಗೆ ಬೇಕಾದದ್ದೆಲ್ಲ ಇನ್ನೂ ಇದೆ.

ತಮಿಳು ಪಂಚಾಂಗದ ಆನಿ ತಿಂಗಳಲ್ಲಿ ಪೇರೂರಿನ ಪಟ್ಟೀಶ್ವರ ದೇವಸ್ಥಾನದಲ್ಲಿ ‘ನಾಟ್ರು ನಡವು’ ಉತ್ಸವ ನಡೆಯುತ್ತದೆ. ಶಿವ ಪಾರ್ವತಿಯರು ಗದ್ದೆಗಿಳಿದು ನಾಟಿ ಮಾಡಿದ ಕತೆಯ ಹಬ್ಬವದು. ಅಲ್ಲಿಂದ ಮರಳಿದ ರಾತ್ರಿ ದೀಪ ಆರಿಸುವ ಮುನ್ನ ನಾಲ್ಕು ವರ್ಷದ ಮಗುವನ್ನು ಅಲ್ಲಿ ಏನು ಕಂಡೆ ಎಂದು ಕೇಳಿದರೆ, ಅದು ಮೊದಲು ಹೇಳುವುದು ‘ಸೇರು’ ಎಂಬ ತಮಿಳು ಮಾತಿರಬಹುದು. ‘ಹೌದು ಕಣ್ಣು, ಕೆಸರು. ಕೆಸರಲ್ಲಿ ಯಾರು ಇಳಿದರು?’ ಎಂದು ಅಜ್ಜಿ ಕೇಳಿ ಸುಮ್ಮನಾಗುತ್ತಾಳೆ. ಕತ್ತಲಲ್ಲಿ ಒಂದೆರಡು ಸೆಕೆಂಡು ಏನೂ ಇಲ್ಲ. ಮಗು ಮಗ್ಗುಲು ಬದಲಿಸಿ, ಅಜ್ಜಿಯ ಸೆರಗು ಎಳೆದುಕೊಂಡು ‘ಸಾಮಿ ಇಳಿದರು’ ಎನ್ನುತ್ತದೆ. ‘ಕಾಲೆಲ್ಲ ಕೆಸರು’ ಎಂದು ತಾನೇ ಸೇರಿಸುತ್ತದೆ.