ಹಸಿರು ದೀಪ ಉರಿಯುತ್ತಿದ್ದರೆ ರೌಟರ್ ಕ್ಷೇಮವೇ?

‘ಬೆಂಗಳೂರಿನ ದೊಡ್ಡ ದೊಡ್ಡ ಕಂಪನಿಗಳನ್ನು ಬಿಟ್ಟು ಕೆಜಿಎಫ್‌ನ ನಮ್ಮ ಮನೆ ರೌಟರ್ ಯಾರಿಗೆ ಬೇಕು?’ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಹೀಗೆ ನಂಬಿ ನಿಶ್ಚಿಂತೆಯಿಂದ ಇರುವುದು ಸುಲಭ. ಆದರೆ ದಾಳಿಕೋರ ಊರು, ಮನೆ ನೋಡಿಕೊಂಡು ಬರುವುದಿಲ್ಲ. ಅವನ ಪ್ರೋಗ್ರಾಂ ಇಂಟರ್‌ನೆಟ್ ವಿಳಾಸಗಳನ್ನು ಒಂದಾದ ಮೇಲೊಂದು ತಟ್ಟುತ್ತಾ ಹೋಗಿ, ತೆರೆದುಕೊಂಡಲ್ಲಿ ನುಗ್ಗುತ್ತದೆ.

2017ರ ಜುಲೈ ಕೊನೆಯಲ್ಲಿ ಆದದ್ದೂ ಇದೇ. ಕರ್ನಾಟಕ ವೃತ್ತವೂ ಸೇರಿದಂತೆ ಬಿಎಸ್‌ಎನ್‌ಎಲ್ ಜಾಲದ ಮೇಲೆ ದಾಳಿ ನಡೆದು ಸುಮಾರು 60,000 ಮೋಡೆಮ್‌ಗಳು ಸಂಪರ್ಕ ಕಳೆದುಕೊಂಡವು. ಕಾರ್ಖಾನೆಯಿಂದ ಬಂದಾಗಿನ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ಕೂಡ ‘ಅಡ್ಮಿನ್’. ಅದನ್ನು ಬದಲಿಸದೆ ಬಿಟ್ಟಿದ್ದವೇ ಸಿಕ್ಕಿಬಿದ್ದವು. ದಾಳಿ ಮಾಡಿದ ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶ ಕದಿಯಲು ಬಂದದ್ದಲ್ಲ, ಯಂತ್ರವನ್ನೇ ಕೆಡಿಸಲು ಬಂದದ್ದು. ಬೇರೆಯವರು ದುರ್ಬಳಕೆ ಮಾಡುವ ಮೊದಲೇ ಕೊಲ್ಲುತ್ತಿದ್ದೇನೆ ಎಂಬುದು ಅದರ ಕರ್ತೃವಿನ ಸಮರ್ಥನೆ. ಕಳ್ಳ ಬಂದಾನೆಂದು ಮನೆಗೇ ಬೆಂಕಿ ಇಟ್ಟ ನ್ಯಾಯ!

‘ವೈಫೈ ಪಾಸ್‌ವರ್ಡ್ ಬದಲಿಸಿದ್ದೇನಲ್ಲ’ ಎನ್ನುವವರು ಗಮನಿಸಬೇಕು: ಪಾಸ್‌ವರ್ಡ್‌ಗಳು ಎರಡಿವೆ. ರೌಟರಿನ ಸೆಟ್ಟಿಂಗ್ಸ್ ಪುಟಕ್ಕೆ, ಸಾಮಾನ್ಯವಾಗಿ ಬ್ರೌಸರಿನಲ್ಲಿ 192.168.1.1 ಎಂದು ಒತ್ತಿದರೆ ತೆರೆಯುವುದಕ್ಕೆ, ಬೇರೆಯದೇ ಇದೆ. 2017ರಲ್ಲಿ ಕೈಕೊಟ್ಟದ್ದು ಅದು.

ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅರ್ಧ ನಿಜ. 2016ರ ಮಿರಾಯ್ ಎಂಬ ಕುತಂತ್ರಾಂಶ ಹಾಗೆ ಅಳಿಸಿಹೋಗುತ್ತಿತ್ತು, ಆದರೆ ಹಳೆಯ ಪಾಸ್‌ವರ್ಡೇ ಇದ್ದರೆ ಮತ್ತೆ ಅಂಟುತ್ತಿತ್ತು. 2018ರ ವಿಪಿಎನ್‌ಫಿಲ್ಟರ್‌ನ ಬೇರಂತೂ ರೀಸ್ಟಾರ್ಟ್ ಮಾಡಿದರೂ ಒಳಗೇ ಉಳಿಯುತ್ತಿತ್ತು.

ಇನ್ನು, ಫರ್ಮ್‌ವೇರ್ ಅಂದರೆ ರೌಟರಿನೊಳಗಿನ ಮೂಲ ತಂತ್ರಾಂಶ ಅಪ್‌ಡೇಟ್ ಮಾಡಿದರೆ ಡಬ್ಬಿಯೇ ಕೆಟ್ಟುಹೋಗುತ್ತದೆಂಬ ಭಯ. ಇದು ಪೂರ್ತಿ ಆಧಾರವಿಲ್ಲದ್ದಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ರೌಟರ್ ಏಳದೇ ಇರಬಹುದು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಚಿನ್ನದ ಗಣಿಯ ಊರು ಕೆಜಿಎಫ್ ಆದರೇನು, ಕರೆಂಟ್ ಹೋಗುವಾಗ ಹೋಗುತ್ತದೆ! ಯುಪಿಎಸ್‌ಗೆ ಹಾಕಿಕೊಂಡು, ತಳದ ಸ್ಟಿಕ್ಕರಿನಲ್ಲಿರುವ ಮಾಡೆಲ್ ಮತ್ತು ವರ್ಷನ್‌ಗೆ ಹೊಂದುವ ಫೈಲನ್ನೇ ಕಂಪನಿಯ ತಾಣದಿಂದ ಇಳಿಸಿಕೊಂಡರೆ ಅಪಾಯ ತೀರಾ ಕಡಿಮೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ, ‘ದೀಪ ಉರಿಯುತ್ತಿದೆ, ನೆಟ್ ಬರುತ್ತಿದೆ, ಇನ್ನೇನು?’ ಎಂಬುದು. ಸೋಂಕು ತಗುಲಿದ ರೌಟರಿನಲ್ಲೂ ನೆಟ್ ಬರುತ್ತದೆ, ಬರಲೆಂದೇ ದಾಳಿಕೋರನ ಆಸೆ. ತಯಾರಕರು ಕೈಬಿಟ್ಟ ಹಳೆಯ ರೌಟರ್‌ಗಳಿಗೆ ದಿ ಮೂನ್ ಎಂಬ ಕುತಂತ್ರಾಂಶ ತುಂಬಿ, ಅವುಗಳ ಸಂಪರ್ಕವನ್ನು ಅಪರಾಧಿಗಳಿಗೆ ಬಾಡಿಗೆಗೆ ಕೊಡುತ್ತಿದ್ದಾರೆಂದು ಅಮೆರಿಕದ ಎಫ್‌ಬಿಐ 2025ರ ಮೇ ತಿಂಗಳಲ್ಲಿ ಎಚ್ಚರಿಸಿತ್ತು. ಅಪರಾಧ ಅವರದು, ವಿಳಾಸ ಮನೆಯವರದು. ಹೀಗೆ ಕೈಬಿಟ್ಟ ರೌಟರಿನಲ್ಲಿ ಅಪ್‌ಡೇಟ್ ಹುಡುಕಿದರೆ ‘ಇದೇ ಇತ್ತೀಚಿನದು’ ಎಂಬ ಉತ್ತರ ಬರಬಹುದು. ಅದರಾಚೆ ಯಾರೂ ಏನೂ ಬರೆದಿಲ್ಲ ಎಂದಷ್ಟೇ ಅದರರ್ಥ.

ಅಂಥದ್ದನ್ನು ಬದಲಿಸದೆ ದಾರಿಯಿಲ್ಲ. ಕೊಳ್ಳುವಾಗ ಆ್ಯಂಟೆನಾ ಎಣಿಸುವುದಕ್ಕಿಂತ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆಂದು ಕೇಳಿ. ಕೇಬಲ್‌ನವರು ಕೊಟ್ಟ ಫೈಬರ್ ಡಬ್ಬಿಯಾದರೆ ಫರ್ಮ್‌ವೇರ್ ಸಾಮಾನ್ಯವಾಗಿ ಅವರ ಕೈಯಲ್ಲೇ ಇರುತ್ತದೆ. ಬಿಲ್ ಕಟ್ಟುವಾಗ ಅದನ್ನೂ ವಿಚಾರಿಸಬಹುದು.