ದೇಣಿಗೆ ಕೊಟ್ಟವರಾರು?

ಚುನಾವಣೆಗಳ ವಿಷಯದಲ್ಲಿ ನಮ್ಮ ತರುಣರು ನಡೆಸುವ ಚರ್ಚೆಯೆಲ್ಲವೂ ಯಾರು ಗೆದ್ದರು, ಎಷ್ಟು ಮತಗಳ ಅಂತರದಿಂದ ಗೆದ್ದರು ಎಂಬಲ್ಲಿಗೆ ಮುಗಿಯುತ್ತದೆ. ಗೆಲ್ಲುವುದಕ್ಕೆ ತಗಲಿದ ಹಣ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಕೇಳಿದರೂ ‘ಎಲ್ಲರೂ ಹಾಗೆಯೇ’ ಎಂಬ ಒಂದು ಮಾತಿನಲ್ಲಿ ಅದನ್ನು ತೇಲಿಸಿಬಿಡುತ್ತೇವೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಉತ್ತರದಿಂದ ಸಮಾಧಾನವಾಗಲಿಲ್ಲ. ಈ ಹಣದ ಬಗ್ಗೆ ನಮ್ಮ ಕಾಯಿದೆಗಳು ಏನು ಹೇಳುತ್ತವೆ, ಎಲ್ಲಿ ಸುಮ್ಮನಾಗುತ್ತವೆ ಎಂಬುದನ್ನು ಓದಿ ತಿಳಿದಷ್ಟನ್ನು ಇಲ್ಲಿ ನಿವೇದಿಸಿದ್ದೇನೆ.

ಮೊದಲು ಒಂದು ಸಣ್ಣ ಹೋಲಿಕೆ. ಕಮಲಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಜಾತ್ರೆ ಬಂತೆಂದರೆ ಪಟ್ಟಿ ಎತ್ತುವ ಪದ್ಧತಿಯುಂಟು. ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಕುಳಿತು ಆ ಪಟ್ಟಿಯನ್ನು ಎಲ್ಲರೂ ಕೇಳುವಂತೆ ಓದುತ್ತಾರೆ. ನೂರೊಂದು ರೂಪಾಯಿ ಕೊಟ್ಟವನ ಹೆಸರೂ ಐದು ಸಾವಿರ ಕೊಟ್ಟ ಸಾಹುಕಾರನ ಹೆಸರೂ ಅದರಲ್ಲಿ ಬರುತ್ತವೆ. ಮುಂದೆ ಗುಡಿಯ ಹೊಲವನ್ನು ಲಾವಣಿಗೆ ಕೊಡುವಾಗ ಅದು ಆ ಸಾಹುಕಾರನಿಗೇ ಕಡಿಮೆ ದರದಲ್ಲಿ ದಕ್ಕಿದರೆ, ಪಟ್ಟಿ ಕೇಳಿದ್ದ ಜನ ಸುಮ್ಮನಿರುವುದಿಲ್ಲ. ಪಟ್ಟಿಯನ್ನು ಓದದೆಯೇ ಮಡಿಚಿಟ್ಟಿದ್ದರೆ ಹೊಲ ಹೋದದ್ದಷ್ಟೇ ಕಾಣುತ್ತಿತ್ತು, ಏಕೆ ಹೋಯಿತೆಂಬುದು ಕಾಣುತ್ತಿರಲಿಲ್ಲ. ರಾಜಕೀಯ ದೇಣಿಗೆಯ ವಾದವಿವಾದವೆಲ್ಲವೂ ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿಯನ್ನು ಓದಬೇಕೇ ಬೇಡವೇ ಎಂಬುದರ ಮೇಲೆಯೇ ನಿಂತಿದೆ.

ಈ ವಿವಾದ ಇಂದಿನದಲ್ಲ. 1957ರಲ್ಲಿ ಟಾಟಾ ಉಕ್ಕಿನ ಕಂಪನಿಯು ರಾಜಕೀಯ ಪಕ್ಷಗಳಿಗೆ ಹಣ ಕೊಡಲು ತನ್ನ ನಿಯಮಾವಳಿಯಲ್ಲಿ ಅವಕಾಶ ಮಾಡಿಕೊಳ್ಳಬಯಸಿದಾಗ ಒಬ್ಬ ಷೇರುದಾರರು ಮುಂಬಯಿ ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ ಅವರು ಅಂದಿನ ಕಾಯಿದೆಯಂತೆ ಕಂಪನಿಯ ಪರವಾಗಿಯೇ ತೀರ್ಪಿತ್ತರು. ಆದರೆ ಇದರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿದೆಯೆಂದೂ ಪಾರ್ಲಿಮೆಂಟು ಇದನ್ನು ಯೋಚಿಸಬೇಕೆಂದೂ ಎಚ್ಚರಿಸಿದರು. ಕಾಯಿದೆಯು ಕೊಡಗೈ ಆಗಿರುವಾಗ ನ್ಯಾಯಾಧೀಶರು ಮಾಡಬಹುದಾದುದು ಇಷ್ಟೇ ಏನೋ! 1960ರಲ್ಲಿ ಪಾರ್ಲಿಮೆಂಟು ಒಂದು ಮಿತಿಯನ್ನು ಹಾಕಿತು. 1969ರಲ್ಲಿ ಕಂಪನಿಗಳ ದೇಣಿಗೆಯನ್ನೇ ನಿಷೇಧಿಸಿತು. ನಿಷೇಧದಿಂದ ಹಣದ ಹರಿವು ನಿಲ್ಲಲಿಲ್ಲ, ಲೆಕ್ಕಪುಸ್ತಕದಿಂದ ಹೊರಗೆ ಹರಿಯಿತು ಎಂಬುದು ಬಲ್ಲವರ ಮಾತು. 1985ರಲ್ಲಿ ನಿಷೇಧ ತೆರವಾಯಿತು. 2013ರ ಕಂಪನಿ ಕಾಯಿದೆಯು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 7.5ರವರೆಗೆ ಕೊಡಬಹುದೆಂದೂ, ಯಾವ ಪಕ್ಷಕ್ಕೆ ಎಷ್ಟೆಂಬುದನ್ನು ಲೆಕ್ಕಪತ್ರದಲ್ಲಿ ತೋರಿಸಬೇಕೆಂದೂ ವಿಧಿಸಿತು.

2017ರಲ್ಲಿ ಈ ಎರಡು ಕಟ್ಟುಗಳೂ ಸಡಿಲಿದವು. ಲಾಭದ ಮಿತಿ ಹೋಯಿತು. ಪಕ್ಷದ ಹೆಸರು ತೋರಿಸುವ ನಿಯಮವೂ ಹೋಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡು ಎಂಬ ಹೊಸ ಕಾಗದ ಬಂತು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡುಗಳನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಟ್ಟರೆ, ಪಕ್ಷವು 15 ದಿನಗಳೊಳಗೆ ಅದನ್ನು ನಗದೀಕರಿಸಿಕೊಳ್ಳಬೇಕು. ಕೊಂಡವನ ಹೆಸರು ಕಾಗದದ ಮೇಲೆ ಇರುವುದಿಲ್ಲ. ಬ್ಯಾಂಕಿಗೆ ಮಾತ್ರ ಅದು ಗೊತ್ತು. ಕಣ್ಣಿಗೆ ಕಾಣದ ಒಂದು ಕ್ರಮಸಂಖ್ಯೆಯೂ ಅದರ ಮೇಲಿತ್ತು. ಅತಿನೇರಳೆ ಬೆಳಕು ಹಿಡಿದರೆ ಕಾಣುತ್ತಿತ್ತು.

ಇದೇ ಕಾಲದಲ್ಲಿ ನಮ್ಮಂಥವರ ಹಣಕ್ಕೆ ಯಾವ ನಿಯಮವಿತ್ತೆಂಬುದನ್ನೂ ನೋಡಬೇಕು. 2023ರ ಏಪ್ರಿಲಿನಲ್ಲಿ ವಿಧಾನಸಭೆಯ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಲ್ಲಿತ್ತು. ನಮ್ಮ ಕಕ್ಕನವರು ಕಲಬುರಗಿಯ ಅಡತಿ ಅಂಗಡಿಯಲ್ಲಿ ತೊಗರಿ ಮಾರಿ, ಅರುವತ್ತೆಂಟು ಸಾವಿರ ರೂಪಾಯಿಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಊರಿಗೆ ಬರುತ್ತಿದ್ದರು. ದಾರಿಯಲ್ಲಿ ತಡೆದು, “ರೊಕ್ಕ ಎಲ್ಲಿದು? ಚೀಟಿ ತೋರಸ್ರಿ” ಎಂದರು. ಚೀಟಿ ಅಂಗಡಿಯಲ್ಲಿಯೇ ಉಳಿದಿತ್ತು. ಐವತ್ತು ಸಾವಿರಕ್ಕೆ ಮೀರಿದ ನಗದಿಗೆ ದಾಖಲೆ ಕೇಳುವುದು ಚುನಾವಣೆಯ ದಿನಗಳಲ್ಲಿ ರೂಢಿ; ತಡೆದವರನ್ನು ನಾನು ದೂರುವುದಿಲ್ಲ. ಚೀಟಿ ತಂದು ತೋರಿಸಿ, ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಹಣ ಕೈಗೆ ಬಂತು. ಅದರಲ್ಲಿ ನನ್ನ ಎರಡನೆಯ ವರ್ಷದ ಶುಲ್ಕವೂ ಸೇರಿತ್ತು. ಆ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಜಪ್ತಿಯಾದ ನಗದು, ಮದ್ಯ, ಉಡುಗೊರೆ ಮುಂತಾದವುಗಳ ಮೌಲ್ಯ ರೂ. 375 ಕೋಟಿಗೆ ಮೀರಿತ್ತಾದ್ದರಿಂದ ತನಿಖೆ ಬೇಡವೆಂದು ಹೇಳಲಾಗದು. ಆದರೆ ಒಕ್ಕಲಿಗನು ತನ್ನ ತೊಗರಿಯ ಹಣಕ್ಕೆ ಚೀಟಿ ತೋರಿಸಬೇಕಾದ ದೇಶದಲ್ಲಿ ಕೋಟಿ ರೂಪಾಯಿಯ ಬಾಂಡಿಗೆ ಹೆಸರಿನ ಅಗತ್ಯವಿರಲಿಲ್ಲವೆಂಬುದು ನನಗೆ ಇಂದಿಗೂ ಜೀರ್ಣವಾಗಿಲ್ಲ.

ಗುಪ್ತತೆಯ ಪರವಾಗಿಯೂ ವಾದವುಂಟು. ಒಂದು ಪಕ್ಷಕ್ಕೆ ಕೊಟ್ಟವನ ಹೆಸರು ಹೊರಬಿದ್ದರೆ ಇನ್ನೊಂದು ಪಕ್ಷವು ಅವನನ್ನು ಕಾಡಬಹುದು. ಆ ಭಯದಿಂದ ಅವನು ಮತ್ತೆ ಕಪ್ಪುಹಣದ ದಾರಿ ಹಿಡಿಯಬಹುದು. ಬ್ಯಾಂಕಿನ ಮೂಲಕ ಬಂದ ಹಣ ಚೀಲದಲ್ಲಿ ಬಂದ ಹಣಕ್ಕಿಂತ ಮೇಲು, ಎಂದು ಯೋಜನೆಯನ್ನು ತಂದವರು ಹೇಳಿದರು. ಈ ಮಾತು ಪೂರಾ ಹುರುಳಿಲ್ಲದ್ದಲ್ಲ. ಆದರೆ ಕೋಟಿ ಕೊಟ್ಟವನು ತಾನು ಕೊಟ್ಟೆನೆಂದು ಪಡೆದವನ ಕಿವಿಯಲ್ಲಿ ಹೇಳದೆ ಇರುವನೇ? ಹಾಗಾದರೆ ಹೆಸರು ಮರೆಯಾದದ್ದು ಮತದಾರನಿಗೆ ಮಾತ್ರ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಏಕಮತದಿಂದ ಈ ಯೋಜನೆಯನ್ನು ರದ್ದುಗೊಳಿಸಿದರು. ದೇಣಿಗೆಯ ಮೂಲವನ್ನು ತಿಳಿಯುವುದು ಮತದಾರನ ಹಕ್ಕೆಂದರು. ಕಂಪನಿಗಳಿಗೆ ಮಿತಿಯಿಲ್ಲದ ಅವಕಾಶ ಕೊಟ್ಟ ತಿದ್ದುಪಡಿಯನ್ನೂ ತೊಡೆದುಹಾಕಿದರು. ಬ್ಯಾಂಕು ಜೂನ್ ತಿಂಗಳ ಕೊನೆಯವರೆಗೆ ಕಾಲಾವಕಾಶ ಬೇಡಿತು, ಕೋರ್ಟು ಒಪ್ಪಲಿಲ್ಲ. ಮಾರ್ಚ್ 14ರಂದು ಚುನಾವಣಾ ಆಯೋಗವು ಪಟ್ಟಿಯನ್ನು ಪ್ರಕಟಿಸಿತು. ಅತ್ಯಧಿಕ ಬಾಂಡು ಕೊಂಡದ್ದು ಲಾಟರಿ ವ್ಯಾಪಾರದ ಒಂದು ಕಂಪನಿ: ರೂ. 1,368 ಕೋಟಿ. ಪಡೆದವರಲ್ಲಿ ಎಲ್ಲ ಬಣ್ಣದ ಬಾವುಟದವರೂ ಇದ್ದರು. ರೂ. 89.75 ಕೋಟಿ ಪಡೆದಿದ್ದ ನಮ್ಮ ರಾಜ್ಯದ ಜನತಾದಳವು (ಜಾತ್ಯತೀತ) ಕೊಟ್ಟವರ ಹೆಸರುಗಳನ್ನು ಆಯೋಗಕ್ಕೆ ತಿಳಿಸಿದ್ದ ಕೆಲವೇ ಪಕ್ಷಗಳಲ್ಲಿ ಒಂದೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಹೆಸರು ತಿಳಿದ ಮಾತ್ರಕ್ಕೆ ಅಪರಾಧ ಸಿದ್ಧವಾಗುವುದಿಲ್ಲ. 2010ರಲ್ಲಿ ಗಣಿ ವ್ಯವಹಾರದ ಒಂದು ಕಂಪನಿಯು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಕುಟುಂಬಕ್ಕೆ ಸಂಬಂಧಿಸಿದ ಪ್ರೇರಣಾ ಶಿಕ್ಷಣ ಸಂಸ್ಥೆಗೆ ರೂ. 10 ಕೋಟಿ ದೇಣಿಗೆ ಕೊಟ್ಟಿತ್ತು. ಲೋಕಾಯುಕ್ತ ಸಂತೋಷ ಹೆಗ್ಡೆಯವರು 2011ರ ಜುಲೈ ವರದಿಯಲ್ಲಿ ಇದನ್ನು ಪ್ರಶ್ನಿಸಿದರು, ಯಡಿಯೂರಪ್ಪನವರು ರಾಜೀನಾಮೆಯಿತ್ತರು, ಸಿ.ಬಿ.ಐ. ಮೊಕದ್ದಮೆ ಹೂಡಿತು. 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯವು ಆಪಾದಿತರೆಲ್ಲರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಕೊಟ್ಟವರಾರು, ಪಡೆದವರಾರು ಎಂಬುದು ದಾಖಲೆಯಲ್ಲಿದ್ದುದರಿಂದಲೇ ಪ್ರಶ್ನಿಸುವವರಿಗೆ ಪ್ರಶ್ನಿಸುವುದಕ್ಕೂ, ಆಪಾದಿತರಿಗೆ ಆಪಾದನೆಯಿಂದ ಪಾರಾಗುವುದಕ್ಕೂ ಸಾಧ್ಯವಾಯಿತು.

ಬಾಂಡು ಹೋದ ಮೇಲೂ ಸಂದುಗಳು ಉಳಿದಿವೆ. ರೂ. 20,000ಕ್ಕೆ ಮೀರದ ದೇಣಿಗೆಗೆ ಪಕ್ಷವು ಆಯೋಗಕ್ಕೆ ಹೆಸರು ಕೊಡಬೇಕಾಗಿಲ್ಲ. ದೊಡ್ಡ ಮೊತ್ತವನ್ನು ಒಡೆದು ತೋರಿಸುವುದಕ್ಕೆ ಎಷ್ಟು ಹೊತ್ತು ಬೇಕು? ಇದಕ್ಕಿಂತ ದೊಡ್ಡ ಸಂದು ಖರ್ಚಿನದು. ಕಮಲಾಪುರವನ್ನೊಳಗೊಂಡ ಕಲಬುರಗಿ ಗ್ರಾಮೀಣ ಕ್ಷೇತ್ರದ ಅಭ್ಯರ್ಥಿಯು 2023ರಲ್ಲಿ ರೂ. 40 ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡುವಂತಿರಲಿಲ್ಲ. ಚಹಾ, ಕುರ್ಚಿ, ಶಾಮಿಯಾನಗಳಿಗೆಲ್ಲ ಜಿಲ್ಲಾಡಳಿತವು ದರಪಟ್ಟಿ ಹಾಕಿ ಲೆಕ್ಕ ಹಿಡಿಯುತ್ತದೆ. ಆದರೆ ಪಕ್ಷವು ಮಾಡುವ ಸಾಮಾನ್ಯ ಪ್ರಚಾರಕ್ಕೆ ಯಾವ ಮಿತಿಯೂ ಇಲ್ಲ. ತಾರಾ ಪ್ರಚಾರಕರ ಹೆಲಿಕಾಪ್ಟರಿನ ಬಾಡಿಗೆ ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ಪಕ್ಷದ ವೆಚ್ಚವನ್ನೂ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ, ಅದೇ ವರ್ಷ ಕಾಯಿದೆಯನ್ನೇ ತಿದ್ದಿ ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು.

ಫಲಿತಾಂಶ ಬಂದ 30 ದಿನಗಳಲ್ಲಿ ಪ್ರತಿ ಅಭ್ಯರ್ಥಿಯೂ ತನ್ನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಒಂದು ರೂಪಾಯಿ ಶುಲ್ಕ ಕೊಟ್ಟರೆ ಯಾರು ಬೇಕಾದರೂ ಅದನ್ನು ನೋಡಬಹುದೆಂದು ಚುನಾವಣಾ ನಿಯಮಗಳಲ್ಲಿದೆ. ಆ ಕಚೇರಿ ನಮ್ಮ ಕಲಬುರಗಿಯಲ್ಲಿಯೇ ಇದೆ. ಮುಂದಿನ ಚುನಾವಣೆಯ ಹೊತ್ತಿಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ರಾಜ್ಯಶಾಸ್ತ್ರ ಓದುವ ಕಿರಿಯ ಮಿತ್ರರು ಒಂದೊಂದು ರೂಪಾಯಿ ತೆಗೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿಬರಲಿ.